ಕೆಂಪು ತಪ್ಪು, ಹಸಿರು ಸರಿ

ಎತೆಲ್ವೀನಾ ಸಿಟ್ಟಿನ ಹೆಂಗಸೆಂದು ಬ್ರಾಂಡನ್ ಊರಿನ ಹಂದಿಮಾಂಸದ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ ಸಾಲ್ವಡೋರಿನ ಚಾಲತೆನಾಂಗೊ ಸಂತೆಯಲ್ಲಿ ಅರ್ಧ ಆಯುಷ್ಯ ಕೋಳಿ ಮಾರಿದವಳು. ರೋಗದ ಕೋಳಿ ತಂದು ಪಕ್ಕದಲ್ಲಿ ಕೂರುವವರನ್ನೂ, ಆರೋಗ್ಯದ ಕೋಳಿಗೆ ರೋಗ ಹೊರಿಸಿ ಚೌಕಾಸಿ ಮಾಡುವವರನ್ನೂ ಬಾಯಿಂದಲೇ ಓಡಿಸಿದವಳು. ಮ್ಯಾನಿಟೋಬಾದ ಚಳಿಗೆ ಬಂದ ಮೇಲೂ ಆ ನಾಲಿಗೆ ಹೆಪ್ಪುಗಟ್ಟಿರಲಿಲ್ಲ. ಅದಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಷ್ಟೆ.

ಅವಳ ಗಂಡ ನಿಕಾನೋರ್ ಗುವಾರ್ದಾದೊ ಪೂರಾ ಉಲ್ಟಾ. ತನ್ನ ಕಾಲು ತುಳಿದವರ ಹತ್ತಿರ ತಾನೇ ಕ್ಷಮೆ ಕೇಳುವ ಜಾತಿ. ಮೊದಲು ಬಂದವನು ಅವನೇ. ಕೊಯ್ಯುವ ಸಾಲಿನಲ್ಲಿ ನಿಂತು ದಿನವಿಡೀ ಹಂದಿಯ ಮುಂಗಾಲಿನ ಮೂಳೆ ಬಿಡಿಸುವ ಕೆಲಸ. ಎರಡು ವರ್ಷದ ಮೇಲೆ ಹೆಂಡತಿಯನ್ನು ಕರೆಸಿಕೊಂಡ. ಅವಳಿಗೆ ಅದೇ ಕಾರ್ಖಾನೆಯಲ್ಲಿ ಗುತ್ತಿಗೆಯವನ ಕೈಕೆಳಗೆ ರಕ್ತದ ಕೋಟುಗಳನ್ನು ಒಗೆಯುವ ಕೆಲಸ ಸಿಕ್ಕಿತು. ಮಗಳು ಯಾನಿರಾ ಮಾತ್ರ ಚಾಲತೆನಾಂಗೊದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು.

ಅವಳನ್ನು ಕರೆಸಿಕೊಳ್ಳುವ ದಾರಿ ಒಂದೇ. ಕಂಪನಿ ಸಹಿ ಹಾಕಿದರೆ ನಿಕಾನೋರ್ ಇಲ್ಲಿ ಕಾಯಂ ಉಳಿಯಲು ಅರ್ಜಿ ಹಾಕಬಹುದು, ಅದರಲ್ಲೇ ಮಗಳ ಹೆಸರನ್ನೂ ಸೇರಿಸಬಹುದು. ಆದರೆ ಅರ್ಜಿ ಹಾಕುವ ದಿನ ಮಗಳಿಗೆ ಇಪ್ಪತ್ತೆರಡು ತುಂಬಿರಬಾರದು. ಯಾನಿರಾಗೆ ಮುಂದಿನ ಏಪ್ರಿಲ್‌ಗೆ ತುಂಬುತ್ತಿತ್ತು. ಇನ್ನು ಕಂಪನಿ ಸಹಿ ಹಾಕುವುದು ಇಂಗ್ಲಿಷ್ ಪರೀಕ್ಷೆ ಪಾಸಾದ ತನ್ನ ಕೆಲಸಗಾರರಿಗೆ ಮಾತ್ರ, ಗುತ್ತಿಗೆಯವರಿಗಲ್ಲ.

ಮೊದಲೆಲ್ಲ ಇಂಗ್ಲಿಷ್ ಕಲಿಸುತ್ತಿದ್ದವರು ಡಾರ್ಲೀನ್ ಫ್ರೀಸನ್. ಮೆಕ್ಸಿಕೊದ ಮೆನೊನೈಟರೆಂಬ ಕ್ರೈಸ್ತ ಪಂಗಡದವರ ಹಳ್ಳಿಯಲ್ಲಿ ಹುಟ್ಟಿ ಬೆಳೆದ, ಸ್ಪ್ಯಾನಿಷ್ ಚೆನ್ನಾಗಿ ಬಲ್ಲ ದೊಡ್ಡ ಮೈಯ ಹೆಂಗಸು. ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಹಲಗೆ ಇಟ್ಟುಕೊಂಡು, ಮಧ್ಯೆ ಮಧ್ಯೆ ಬಿಸ್ಕತ್ತು ಹಂಚುತ್ತ ಪಾಠ ಹೇಳುತ್ತಿದ್ದರು. ಕಂಪನಿ ಅದಕ್ಕೆ ಕೊಡುವ ದುಡ್ಡು ನಿಲ್ಲಿಸಿ, ಫೋನಿನಲ್ಲೇ ಕಲಿಸುವ ಒಂದು ಆ್ಯಪ್ ಕೊಂಡಿತು. ಆ್ಯಪ್‌ನಲ್ಲಿ ನಾಲ್ಕನೇ ಹಂತ ದಾಟಿದವರನ್ನಷ್ಟೇ ಪರೀಕ್ಷೆಗೆ ಕಳಿಸುವುದೆಂದು ನೋಟಿಸು ಅಂಟಿಸಿತು.

ಆ ಆ್ಯಪ್ ನೋಡಲು ಬಲು ಚೆಂದ. ಮಿಠಾಯಿ ಅಂಗಡಿಯ ಹಾಗೆ ಬಣ್ಣವೋ ಬಣ್ಣ. ಕೊರಳಿಗೆ ಟೈ ಕಟ್ಟಿದ ಒಂದು ಹೆಬ್ಬಾತು ಅದರ ಮೇಷ್ಟ್ರು. ಪಾಠದಲ್ಲಿ ತಪ್ಪು ಹೆಚ್ಚಾದರೆ ಕೊನೆಗೆ ಬಂದು ಗೊಳೋ ಎಂದು ಅಳುತ್ತಿತ್ತು.

"ಊರಲ್ಲಾಗಿದ್ರೆ ಇಷ್ಟೊತ್ತಿಗೆ ಇದ್ರ ಸಾರು ಮಾಡಿರ್ತಿದ್ದೆ," ಎಂದಳು ಎತೆಲ್ವೀನಾ ಮೊದಲ ದಿನವೇ.

ಅಕ್ಷರಗಳು ಬಿಳಿಯ ಮೇಲೆ ತೆಳು ಬೂದು. ಅವಳ ವಯಸ್ಸಿನ ಕಣ್ಣಿಗೆ ಹಾಲಿನಲ್ಲಿ ಬಿದ್ದ ನರೆಗೂದಲಿನಂತೆ ಕಾಣುತ್ತಿದ್ದವು. ಆದರೂ ಕನ್ನಡಕ ಒರೆಸಿ ಒರೆಸಿ, ಬೈದು ಬೈದು ಮುಂದೆ ಹೋದಳು. ನಿಕಾನೋರ್ ಮೊದಲ ಹಂತವನ್ನು ಅವಳಿಗಿಂತ ಬೇಗ ಮುಗಿಸಿದ. ಅಲ್ಲಿ ಬರೀ ಚಿತ್ರ ಮತ್ತು ಮಾತು, ಅವನ ಕಿವಿ ಚುರುಕು. ಎರಡನೇ ಹಂತಕ್ಕೆ ಬಂದದ್ದೇ ಹೂತುಹೋದ ಗಾಡಿಯಂತೆ ನಿಂತುಬಿಟ್ಟ. ಸಂಜೆ ಕೆಲಸ ಮುಗಿಸಿ ಬಂದು ಮೇಜಿಗೆ ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಪ್ರತಿ ಸಂಜೆ ಹೆಬ್ಬಾತು ಅಳುತ್ತಿತ್ತು.

"ಯಾವ್ದು ತಪ್ಪಾಯ್ತು ಅಂತ ನೋಡ್ಕೊಂಡು ತಿದ್ಕೊಳ್ಳೋದಲ್ವೇನೋ?" ಎಂದು ಅವಳು ರೇಗುವಳು.

"ನೋಡ್ತಾನೇ ಇದ್ದೀನಿ ಕಣೇ."

"ಏನ್ ನೋಡ್ತಿದ್ದೀಯೋ! ತಲೇಲಿ ಮೆದುಳಿದೆಯೋ ಜೋಳದ ಹಿಟ್ಟಿದೆಯೋ?"

ಅವನು ನಕ್ಕು ಮತ್ತೆ ಫೋನಿಗೆ ಬಗ್ಗುವನು.

ಚಳಿಗಾಲದ ಆರಂಭದಲ್ಲಿ ಕಾರ್ಖಾನೆಯ ಊಟದ ಹಾಲಿನ ಟಿವಿಯಲ್ಲಿ ಹಾಕಿ ಆಟ ಬರುವುದು ನಿಂತಿತು. ಅದರ ಬದಲು ಆ್ಯಪ್‌ನವರ ಹಲಗೆ ಬಂತು. ಯಾರು ಎಷ್ಟು ಕಲಿತಿದ್ದಾರೆಂದು ಫೋಟೊ ಸಮೇತ ಮೇಲಿಂದ ಕೆಳಗೆ ಸಾಲಾಗಿ ತೋರಿಸುವ ಹಲಗೆ. ಮುಂದಿರುವವರ ತಲೆಗೆ ಚಿನ್ನದ ಕಿರೀಟ. ಹಿಂದಿರುವವರ ಮುಖ ಮಸುಕು, ಪಕ್ಕದಲ್ಲಿ ಕತ್ತು ಜೋತುಬಿದ್ದ ಹೆಬ್ಬಾತು. ಎಲ್ಲರಿಗಿಂತ ಕೆಳಗೆ ನಿಕಾನೋರ್. ಹುಡುಗರು ಅವನನ್ನು ಕಂಡರೆ ಹೆಬ್ಬಾತಿನ ಹಾಗೆ ಕೂಗತೊಡಗಿದರು. ಅವರಲ್ಲಿ ಕೆಲವರಿಗೆ ಚಾಕು ಮಸೆಯುವುದನ್ನು ಹೇಳಿಕೊಟ್ಟವನು ಅವನೇ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಗಂಡ ಎಲ್ಲೂ ಕಾಣಲಿಲ್ಲ. ಎತೆಲ್ವೀನಾ ಹುಡುಕುತ್ತ ಹೊರಗೆ ಬಂದಳು. ಉಸಿರು ಮೀಸೆಯ ಮೇಲೆ ಮಂಜಾಗುವ ಚಳಿ. ನಿಲ್ಲಿಸಿದ್ದ ಕಾರುಗಳ ಸಾಲಿನಲ್ಲಿ ತಮ್ಮ ಹಳೇ ಕಾರಿನೊಳಗೆ, ಕೈಗೆ ಗ್ಲೌಸು ತೊಟ್ಟೇ, ತಣ್ಣಗಾದ ರೊಟ್ಟಿ ಮುರಿಯುತ್ತ ಕೂತಿದ್ದ.

"ಇಲ್ಯಾಕೋ ಕೂತಿದ್ದೀಯಾ?"

"ಒಳಗೆ ಸೆಖೆ."

"ಸೆಖೆಯಂತೆ! ಮೂಗಿನ ತುದಿ ಸುಣ್ಣ ಆಗಿದೆ. ನಿಜ ಹೇಳು."

ಅವನು ರೊಟ್ಟಿಯನ್ನೇ ನೋಡುತ್ತ ಹೇಳಿದ: "ಆ ಟಿವಿ ಕೆಳಗೆ ಕೂತು ನುಂಗಕ್ಕಾಗಲ್ಲ ವೀನಾ."

ಅವಳು ನೇರ ಒಳಗೆ ಹೋಗಿ, ಕುರ್ಚಿ ಎಳೆದು ಹತ್ತಿ, ಟಿವಿಯ ವೈರು ಕಿತ್ತಳು. ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಬಂದು ಏನೇನೋ ಅಂದ. ಇಂಗ್ಲಿಷ್ ಅರ್ಥವಾಗದ ಮುಖ ಮಾಡಿಕೊಂಡು ನಿಂತಳು. ಮರುದಿನ ಅವಳು ಹೋಗುವಷ್ಟರಲ್ಲಿ ವೈರು ಆಗಲೇ ಹೊರಗಿತ್ತು. ಜೊತೆಗೆ ಕೋಟು ಒಗೆಯುವ ಉಕ್ರೇನಿನ ಹಲೀನಾ ಸೂಪು ಕುಡಿಯುತ್ತ ಅವಳಿಗೆ ಕಣ್ಣು ಮಿಟುಕಿಸಿದಳು. ಅದರ ಮರುದಿನ ಮತ್ಯಾರೋ. ಕೊನೆಗೆ ಕಂಪನಿಗೇ ಬೇಸತ್ತು ಟಿವಿಯಲ್ಲಿ ಮತ್ತೆ ಹಾಕಿ ಆಟ ಬಂತು.

ಹಲಗೆ ಹೋಯಿತು, ಹೆಬ್ಬಾತು ಹೋಗಲಿಲ್ಲ. ಒಂದು ಭಾನುವಾರ ಅವಳು ಅಡುಗೆಮನೆಯಲ್ಲಿ ಜೋಳದ ಹಿಟ್ಟಿನೊಳಗೆ ಕಾಳು ತುಂಬಿ ಪುಪುಸ ತಟ್ಟುತ್ತಿದ್ದಳು. ನಿಕಾನೋರ್ ಪಕ್ಕದಲ್ಲೇ ಫೋನು ಹಿಡಿದು ಕೂತಿದ್ದ. ಆ ಹಂತದ ಪಾಠವೆಲ್ಲ ಬಣ್ಣದ ಇಟ್ಟಿಗೆಗಳದು. ಕೆಲಸ ಮಾಡುವವನ ಹೆಸರು ಕೆಂಪು ಇಟ್ಟಿಗೆಯಲ್ಲಿ, ಮಾಡುವ ಕೆಲಸ ಹಸಿರು ಇಟ್ಟಿಗೆಯಲ್ಲಿ. ಕೆಂಪನ್ನು ಮೊದಲಿಟ್ಟು ಹಸಿರನ್ನು ಆಮೇಲೆ ಇಟ್ಟರೆ ವಾಕ್ಯ. ಸರಿಯಾದರೆ ಸುತ್ತಲಿನ ಗೆರೆ ಹಸಿರಾಗುತ್ತದೆ, ತಪ್ಪಾದರೆ ಕೆಂಪಾಗುತ್ತದೆ. ಸರಿ ತಪ್ಪು ಹೇಳಲು ಒಂದು ಅಕ್ಷರ ಇಲ್ಲ, ಒಂದು ಗುರುತು ಇಲ್ಲ. ಅವಳು ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು.

"ಅಯ್ಯೋ, ಹಸಿರು ಮೊದಲಿಟ್ಟೆಯಲ್ಲೋ! ಕೆಂಪಿಂದು ಮೊದಲು."

"ಯಾವ್ದು ಕೆಂಪು?"

ತಮಾಷೆ ಮಾಡುತ್ತಿದ್ದಾನೆಂದುಕೊಂಡು ಅವಳು ತಲೆಗೊಂದು ಮೊಟಕಲು ಕೈಯೆತ್ತಿದಳು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಮೇಜಿನ ಮೇಲಿದ್ದ ಟೊಮೆಟೊ ಹಣ್ಣು ಮತ್ತು ಹಸಿರು ಮೆಣಸಿನಕಾಯಿ ಎತ್ತಿ ಅವನ ಮುಂದೆ ಹಿಡಿದಳು. "ಇದು ಯಾವ ಬಣ್ಣ? ಇದು?"

"ಟೊಮೆಟೊ ಕೆಂಪು, ಮೆಣಸಿನಕಾಯಿ ಹಸಿರು. ಅಷ್ಟೂ ಗೊತ್ತಿಲ್ವಾ ನಂಗೆ?"

"ಗೊತ್ತಿರೋದು ಕೇಳ್ಲಿಲ್ಲ. ಕಾಣೋದು ಕೇಳಿದೆ. ಎರಡೂ ಬೇರೆ ಬೇರೆ ಕಾಣ್ತವಾ?"

ಅವನು ಬಹಳ ಹೊತ್ತು ನೋಡಿದ. "ಎರಡೂ ಒಣಗಿದ ಎಲೆ ಬಣ್ಣ," ಎಂದ. "ಎಲ್ರಿಗೂ ಹಂಗೇ ಅಲ್ವಾ? ನೀವೆಲ್ಲ ಅಭ್ಯಾಸದಿಂದ ಹೇಳ್ತೀರಿ, ನಂಗೆ ಅಭ್ಯಾಸ ಸಾಲದು ಅಂದ್ಕೊಂಡಿದ್ದೆ."

ಆಮೇಲೆ, ಇಷ್ಟು ವರ್ಷ ಅವಳಿಗೆ ಹೇಳದಿದ್ದ ಒಂದು ಮಾತನ್ನು ಹೇಳಿದ. ಚಿಕ್ಕಂದಿನಲ್ಲಿ ಕಾಫಿ ಕೊಯ್ಲಿಗೆ ಅಪ್ಪನ ಜೊತೆ ಹೋಗುತ್ತಿದ್ದ. ಹಣ್ಣು ಬಿಡಿಸು ಅಂದರೆ ಇವನ ಬುಟ್ಟಿಯಲ್ಲಿ ಅರ್ಧ ಕಾಯಿ. ಮೇಸ್ತ್ರಿ ಎಲ್ಲರೆದುರು ಬುಟ್ಟಿ ಸುರಿಸಿ, ಸೋಮಾರಿ ಎಂದು ಬೆತ್ತದಿಂದ ಹೊಡೆದಿದ್ದ. ಅಪ್ಪನೂ ಹೊಡೆದಿದ್ದ. ಕೊನೆಗೆ ಮೂಟೆ ಹೊರುವುದಕ್ಕೆ ಹಾಕಿದರು.

ಹೆಂಚಿನ ಮೇಲೆ ಪುಪುಸ ಸೀದು ಹೊಗೆಯೆದ್ದಿತು. ಎತೆಲ್ವೀನಾ ಒಲೆ ಆರಿಸಿದಳು. ತಲೆಯಲ್ಲಿ ಜೋಳದ ಹಿಟ್ಟು ಎಂದು ತಾನು ಅಂದಿದ್ದೂ ನೆನಪಾಯಿತು. ಆದರೆ ಅವಳಿಗೆ ಅಳು ಬರುವ ದಾರಿಯಲ್ಲೇ ಸಿಟ್ಟಾಗುತ್ತಿತ್ತು.

"ಏಳು, ಕೋಟು ಹಾಕ್ಕೋ. ಡಾರ್ಲೀನ್ ಟೀಚರ್ ಮನೆಗೆ ಹೋಗೋಣ."

ಡಾರ್ಲೀನ್ ಫೋನು ತೆಗೆದುಕೊಂಡು ಆ ಪಾಠಗಳನ್ನೆಲ್ಲ ನೋಡಿದರು. ನೋಡುತ್ತ ನೋಡುತ್ತ ಅವರ ಬಿಳಿ ಕೆನ್ನೆ ಕೆಂಪೇರಿತು. "ದೇವರೇ, ಇದನ್ನ ಮಾಡಿದವರಿಗೆ ಇಂಥ ಗಂಡಸರು ಲೋಕದಲ್ಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಿಲ್ವಾ? ಒಂದು ಸರಿ ಗುರುತು, ಒಂದು ಇಂಟು ಮಾರ್ಕು ಹಾಕಿದ್ರೆ ಇವರಪ್ಪನ ಗಂಟೇನು ಹೋಗ್ತಿತ್ತು?"

"ಹಂಗಾದ್ರೆ ನಾನು ದಡ್ಡ ಅಲ್ಲ ಅಂತಾನಾ ಟೀಚರ್?" ಎಂದು ಕೇಳಿದ ನಿಕಾನೋರ್.

ಡಾರ್ಲೀನ್ ಫೋನು ಕೆಳಗಿಟ್ಟರು. "ಅಲ್ಲಪ್ಪಾ," ಎಂದರು.

ಅವರು ಕಂಪನಿಯ ಆಫೀಸಿಗೆ ಹೋಗಿ, ಇವನನ್ನು ನಾನೇ ಕೂರಿಸಿ ಪರೀಕ್ಷಿಸುತ್ತೇನೆ, ಆ್ಯಪ್ ಬೇಡ ಎಂದು ಕೇಳಿದರು. ಎಲ್ಲರಿಗೂ ಒಂದೇ ನಿಯಮ, ಪಕ್ಕದಲ್ಲಿ ಕೂತು ಬಣ್ಣ ಹೇಳಿಕೊಡುವಂತೆಯೂ ಇಲ್ಲ ಎಂದರು ಆಫೀಸಿನವರು. ಡಾರ್ಲೀನ್ ಆ್ಯಪ್ ಮಾಡಿದವರಿಗೆ ಬರೆದರು. ತಮ್ಮ ಸಲಹೆ ನಮಗೆ ಅಮೂಲ್ಯ, ಮುಂದಿನ ಆವೃತ್ತಿಯಲ್ಲಿ ಗಮನಿಸುತ್ತೇವೆ ಎಂದು ಉತ್ತರ ಬಂತು. ಕೊನೆಯಲ್ಲಿ ರೆಕ್ಕೆ ಬೀಸುವ ಹೆಬ್ಬಾತಿನ ಚಿತ್ರ. ಮತ್ತೆ ಬರೆದರೆ ಮತ್ತೆ ಅದೇ ಉತ್ತರ, ಅದೇ ಹೆಬ್ಬಾತು. ಹಿಮ ಬಿದ್ದು, ಗಟ್ಟಿಯಾಗಿ, ಕರಗಿ ಕೆಸರಾಯಿತು. ಏಪ್ರಿಲ್‌ನಲ್ಲಿ ಯಾನಿರಾಗೆ ಇಪ್ಪತ್ತೆರಡು ತುಂಬಿತು. ಫೋನಿನಲ್ಲಿ ಕೇಕು ತೋರಿಸಿ ನಕ್ಕಳು. ಇತ್ತ ಇವರಿಬ್ಬರೂ ನಕ್ಕರು. ಫೋನು ಇಟ್ಟ ಮೇಲೆ ನಿಕಾನೋರ್ ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡ.

ಮುಂದಿನ ಆವೃತ್ತಿ ಬಂದದ್ದು ಅದಾದ ಮೇಲೆ. ಅದನ್ನು ತೋರಿಸಲು ಟೊರಾಂಟೊದಿಂದ ಪ್ರೆಸ್ಟನ್ ಎಂಬ ತರುಣ ಬಂದ. ಬಿಳಿ ಬೂಟು, ಒಳ್ಳೆ ನಗು. ಊಟದ ಹಾಲಿನಲ್ಲಿ ಪರದೆ ಕಟ್ಟಿ, ಹೆಬ್ಬಾತಿಗೆ ಈಗ ಬೇಸಿಗೆಗೊಂದು ಚಳಿಗಾಲಕ್ಕೊಂದು ಉಡುಪು ಬಂದಿದೆ ಎಂದು ತೋರಿಸಿದ. ಇಟ್ಟಿಗೆಗಳು ಹಾಗೇ ಇದ್ದವು. ಎತೆಲ್ವೀನಾ ಎದ್ದು ನಿಂತಳು. ಪಕ್ಕದಲ್ಲಿ, ಇದಕ್ಕೆಂದೇ ಬಂದಿದ್ದ ಡಾರ್ಲೀನ್ ಎದ್ದರು, ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು.

"ತಮ್ಮಾ, ಇವನು ನನ್ನ ಗಂಡ. ಇವನಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತೆ. ನಿಮ್ಮ ಹಕ್ಕಿ ಇವನಿಗೆ ತಿಂಗಳುಗಟ್ಟಲೆ ಕಲಿಸಿದ್ದೇನು ಗೊತ್ತಾ? ನಾನು ದಡ್ಡ ಅನ್ನೋದನ್ನ. ಒಂದು ಇಂಟು ಮಾರ್ಕು ಹಾಕೋಕೆ ನಿಮಗೆ ಪುರುಸೊತ್ತಿರಲಿಲ್ಲ, ಹಕ್ಕಿಗೆ ಅಂಗಿ ಹೊಲಿಯೋಕೆ ಇತ್ತು!"

ಪ್ರೆಸ್ಟನ್ ಮುಖ ಸಪ್ಪಗಾಗುತ್ತದೆ, ಹೋಗಲಿ ಸಿಟ್ಟಾದರೂ ಬರುತ್ತದೆ ಎಂದು ಅವಳು ಕಾದಳು. ಅವನ ಮುಖ ಅರಳಿತು! "ಅದ್ಭುತ! ಇಂಥ ಅನಿಸಿಕೆಗಳೇ ನಮಗೆ ಬೇಕಾಗಿರೋದು," ಎಂದ. ಎಲ್ಲವನ್ನೂ ಬರೆದುಕೊಂಡ. ಕೆಳಗಿಳಿದು ಬಂದು ನಿಕಾನೋರ್‌ನ ಕೈ ಕುಲುಕಿ, ಚೀಲದಿಂದ ಹತ್ತಿ ತುಂಬಿದ ಒಂದು ಗೊಂಬೆ ಹೆಬ್ಬಾತು ತೆಗೆದು ಕೊಟ್ಟ.

ನಿಕಾನೋರ್ ಎರಡು ಕೈಯಲ್ಲಿ ತೆಗೆದುಕೊಂಡು "ಥ್ಯಾಂಕ್ಯೂ ಸರ್" ಎಂದ.

"ನನ್ನ ಗಂಡನಿಗೆ ಕ್ಷಮಿಸಿ ಅಂತ ಹೇಳು!" ಎಂದು ಕೂಗಿದಳು ಎತೆಲ್ವೀನಾ. "ಗೊಂಬೆ ಯಾಕೆ? ನನ್ನ ಮಗಳ ವಯಸ್ಸು ವಾಪಸ್ ಕೊಡ್ತೀಯಾ?"

ಡಾರ್ಲೀನ್ ಅದನ್ನೂ ಹೇಳಿದರು, ಒಂದು ಪದ ಬಿಡದೆ. ಪ್ರೆಸ್ಟನ್ ತಲೆ ಆಡಿಸಿದ. ಅವನಿಗೆ ವಿಮಾನಕ್ಕೆ ಹೊತ್ತಾಗಿತ್ತು.

ಆ ದಿನ ಮನೆಗೆ ಹೋಗುವಾಗ ಅವಳು ಕಾರಿನಲ್ಲಿ ಗಂಡನ ಮೇಲೂ ಹಾರಾಡಿದಳು. "ಥ್ಯಾಂಕ್ಯೂ ಅಂತೆ! ಯಾತಕ್ಕೋ ಥ್ಯಾಂಕ್ಯೂ? ಕಪಾಳಕ್ಕೆ ಹೊಡೆದವನಿಗೆ ಕೈ ನೋವಾಯ್ತಾ ಅಂತ ಕೇಳೋ ಗಿರಾಕಿ ನೀನು."

"ಆ ಹುಡುಗನಿಗೆ ಅರ್ಥ ಆಗ್ಲಿಲ್ಲ ವೀನಾ. ಅವನ ಕಣ್ಣಿಗೂ ಏನೋ ಕಾಣಲ್ಲ."

"ನಿನ್ನ ಕಣ್ಣು ದೇವರು ಮಾಡಿದ್ದು. ಅವನಿಗೆ ಕಾಣದೇ ಇರೋದು ಕೊಬ್ಬಿಗೆ!"

ಆದರೂ ಆ ಗಲಾಟೆಯಿಂದ ಒಂದು ಉಪಯೋಗವಾಯಿತು. ಹಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಕೊಯ್ಯುವ ಸಾಲಿನ ಇನ್ನೂ ಕೆಲವು ಗಂಡಸರು ನಾಚಿಕೆ ಬಿಟ್ಟು, ನನಗೂ ಹಾಗೇ ಎಂದು ಮುಂದೆ ಬಂದರು. ಹೆಬ್ಬಾತಿನ ಕೂಗು ಹಾಕುತ್ತಿದ್ದ ಹುಡುಗನೊಬ್ಬನೂ ಅವರಲ್ಲಿದ್ದ. ಯೂನಿಯನ್‌ನವರು ಆಫೀಸಿನ ಬಾಗಿಲು ತಟ್ಟಿದರು. ಡಾರ್ಲೀನ್ ಪಾಸು ಮಾಡಿದವರನ್ನೂ ಪರೀಕ್ಷೆಗೆ ಕಳಿಸಬಹುದೆಂದು ಕಂಪನಿ ಒಪ್ಪಿತು. ಚರ್ಚಿನ ನೆಲಮಾಳಿಗೆಯಲ್ಲಿ ಮತ್ತೆ ಕಪ್ಪು ಹಲಗೆ ಬಂತು, ಬಿಸ್ಕತ್ತು ಬಂತು. ಎತೆಲ್ವೀನಾ ಮತ್ತು ಹಲೀನಾ ಇಬ್ಬರೂ ಮುಂದಿನ ಬೆಂಚಿನಲ್ಲಿ ಕೂತು ತಪ್ಪು ಇಂಗ್ಲಿಷಿನಲ್ಲಿ ಜಗಳ ಕಾದರು. ಆ ಶರತ್ಕಾಲದಲ್ಲಿ ನಿಕಾನೋರ್ ಪರೀಕ್ಷೆ ಪಾಸಾದ. ಮರುವರ್ಷ ಗಂಡ ಹೆಂಡತಿಗೆ ಕಾಯಂ ಕಾಗದ ಬಂತು. ಯಾನಿರಾ ಹೆಸರು ಅದರಲ್ಲಿರಲಿಲ್ಲ. ಅವಳು ಬರಬೇಕಾದರೆ ಬೇರೆಯೇ ದಾರಿ ಹುಡುಕಬೇಕೆಂದು ವಕೀಲರು ಹೇಳಿದರು. ಎಷ್ಟು ವರ್ಷದ ದಾರಿ ಎಂದು ಮಾತ್ರ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಆ್ಯಪ್‌ನವರಿಂದ ಫೋನು ಬಂತು. ಈಗ ಪಾಠದಲ್ಲಿ ಸರಿ ಗುರುತು, ಇಂಟು ಮಾರ್ಕು ಎರಡೂ ಬಂದಿವೆಯಂತೆ, ಅಕ್ಷರ ಕಪ್ಪಾಗಿವೆಯಂತೆ. ಕಲಿಯುವವರ ಮಾತಿಗೆ ನಾವು ಹೇಗೆ ಕಿವಿಗೊಡುತ್ತೇವೆಂದು ತೋರಿಸುವ ಒಂದು ಪುಟ್ಟ ಚಿತ್ರ ಮಾಡುತ್ತಿದ್ದಾರಂತೆ. ನಿಕಾನೋರ್ ಅದರಲ್ಲಿ ಎರಡು ಮಾತಾಡಿದರೆ ಸಂತೋಷವಂತೆ.

ಫೋನು ನಿಕಾನೋರ್‌ನ ಕೈಯಲ್ಲಿತ್ತು. ಅವನು ಬಾಯಿ ತೆರೆಯುವ ಮೊದಲೇ ಎತೆಲ್ವೀನಾ ಕಿತ್ತುಕೊಂಡಳು. ಡಾರ್ಲೀನ್ ಹತ್ತಿರ ಇರಲಿಲ್ಲ. ಅವಳು ಇಂಗ್ಲಿಷಿನಲ್ಲೇ, ಒಂದೊಂದೇ ಪದ ಆರಿಸಿ ಇಟ್ಟಳು.

"ಇಲ್ಲ. ಅವನಿಗೆ ಕಲಿಸಿದ್ದು ಡಾರ್ಲೀನ್. ನೀವಲ್ಲ. ಅವನ ಮುಖ ನಿಮಗೆ ಕೊಡಲ್ಲ. ಮೊದಲು ಸಾರಿ ಅನ್ನಿ. ಆಮೇಲೆ ಫೋನ್ ಮಾಡಿ."

ಆ ಕಡೆಯ ದನಿ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ ಎಂದಿತು. ಎತೆಲ್ವೀನಾ ಫೋನನ್ನು ಗಂಡನ ಕೈಗೆ ಕೊಟ್ಟು, ಇನ್ನೂ ಗೊಣಗುತ್ತಲೇ, ಕೆಲಸಕ್ಕೆ ಹೊರಡಲು ಬೂಟು ಹುಡುಕಿದಳು.