ಟವೆಲ್ ಮರೆಯ ಕೈ

ಕಣ್ಣಿಗೆ ಕಟ್ಟಿಕೊಂಡು ಆಡುವ ವಿಆರ್ ಹೆಡ್‌ಸೆಟ್ ಕೊಂಡ ಮೊದಲ ವಾರ ನಾನು ಊಟ ಬಿಟ್ಟು ಆಡಿದೆ. ಬಂಡೆ ಹತ್ತಿದೆ, ಸಮುದ್ರದ ತಳಕ್ಕಿಳಿದೆ, ಎರಡು ಸಲ ನಮ್ಮನೆ ಗೋಡೆಗೇ ಗುದ್ದಿಕೊಂಡೆ. ಇಂಥದ್ದನ್ನು ಅಪ್ಪನಿಗೆ ತೋರಿಸದೆ ಇರುವುದು ಹೇಗೆ? ಅಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಆಯುಷ್ಯವೆಲ್ಲ ವ್ಯಾಪಾರ ಮಾಡಿದವರು. ಅವರಿಗೆಂದೇ ಸಂತೆಯ ಆಟವೊಂದನ್ನು ಹಾಕಿಕೊಟ್ಟೆ. ಹೆಡ್‌ಸೆಟ್‌ನ ಕ್ಯಾಮೆರಾಗಳು ನಮ್ಮ ಕೈಯನ್ನು ನೋಡಿಕೊಂಡು ಆಟದೊಳಗೂ ಹಾಗೇ ಆಡಿಸುತ್ತವೆ.

ಆಟದ ಹಣ್ಣಿನಂಗಡಿಯವನು, ಕೊಳ್ಳುತ್ತೀರಾ ಎಂಬಂತೆ ಕೈ ಚಾಚಿದ. ಅಪ್ಪ ತಟ್ಟನೆ ಹೆಗಲ ಮೇಲಿನ ಟವೆಲ್ ಎಳೆದು ತಮ್ಮ ಕೈ ಮೇಲೆ ಹಾಕಿಕೊಂಡರು. ಅವರ ಕಾಲದ ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಬೇರೆಯವರಿಗೆ ಕಾಣದಂತೆ ಟವೆಲ್ ಮರೆಯಲ್ಲಿ ಎದುರಿನವರ ಬೆರಳು ಅದುಮಿ ತಿಳಿಸುತ್ತಿದ್ದರು.

"ಅಯ್ಯೋ, ನನ್ ಕೈ ಎಲ್ಲೋಯ್ತಮ್ಮಾ?"

"ಟವೆಲ್ ತೆಗಿಯಪ್ಪಾ, ಮುಚ್ಚಿದ್ರೆ ಅದಕ್ಕೆ ಕಾಣಲ್ಲ."

"ಕಾಣ್ಬಾರ್ದು ಅಂತಾನೇ ಅಲ್ವೇನೇ ಮುಚ್ಚೋದು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪ ಹೆಡ್‌ಸೆಟ್ ಕಿತ್ತಿಟ್ಟು, "ಇಂಥವನ ಜೊತೆ ವ್ಯಾಪಾರ ಆಗಲ್ಲ ಕಣೇ" ಎಂದರು.

"ಹೋಗ್ಲಿ, ಎಷ್ಟಕ್ಕೆ ಕೇಳ್ದೆ?"

ಅಪ್ಪ ಮೇಜಿನ ಮೇಲಿದ್ದ ಹೆಡ್‌ಸೆಟ್ಟನ್ನು ಮೊದಲು ಗೋಡೆ ಕಡೆ ತಿರುಗಿಸಿಟ್ಟರು. ಆಮೇಲೆ ನನ್ನ ಕೈಯನ್ನು ಟವೆಲ್ ಕೆಳಗೆ ಎಳೆದುಕೊಂಡು ಮೂರು ಬೆರಳು ಅದುಮಿದರು. ಇಷ್ಟು ವರ್ಷದಲ್ಲಿ ಮಗಳಿಗೆ ಆ ಭಾಷೆ ಸಿಕ್ಕಿದ್ದು ಅದೇ ಮೊದಲು. ಬಿಡುವವಳೇ ನಾನು? ತಿರುಗಿ ನಾಲ್ಕು ಅದುಮಿದೆ.

"ಜಾಸ್ತಿ ಆಯ್ತು, ಬಿಡು" ಎಂದು ಅಪ್ಪ ಟವೆಲ್ ಕೊಡವಿ ಎದ್ದೇಬಿಟ್ಟರು, ಥೇಟ್ ಮಂಡಿಯಲ್ಲಿ ಏಳುತ್ತಿದ್ದ ಹಾಗೆ.