ನೂರ ಅರವತ್ತು ವೋಲ್ಟಿನ ದಿನ ಅಕ್ಕ ಬರೆದ ವರದಿ

ನೀರಿನ ಮೇಲೆ ಓಡುವ ವಾಹನಗಳ ವಿದ್ಯುತ್ ಕೆಲಸವೆಂಬುದು ನೆಲದ ಮೇಲಿನ ಕೆಲಸಕ್ಕಿಂತ ಬೇರೆಯದೇ ಆದ ವಿದ್ಯೆ. ಅಲ್ಲಿ ತಂತಿಗೆ ಉಪ್ಪು ಹತ್ತುತ್ತದೆ, ಬೋಲ್ಟಿಗೆ ತುಕ್ಕು ಹಿಡಿಯುತ್ತದೆ, ಬಾಗಿ ಕೂತವರಿಗೆ ತಲೆ ಸುತ್ತುತ್ತದೆ. ನಡುನೀರಿನಲ್ಲಿ ಕೆಟ್ಟು ನಿಂತರೆ ಪಕ್ಕದ ಮನೆಯಿಂದ ವೈರು ಎಳೆದುಕೊಳ್ಳುವ ಅನುಕೂಲವೂ ಇಲ್ಲ. ಇಂಥ ವಿದ್ಯೆಯನ್ನು ಮೂವತ್ತಾರು ವರ್ಷ ಕೈಯಲ್ಲಿ ಹಿಡಿದು, ನಮ್ಮ ದೋಣಿ ಕಾರ್ಯಾಗಾರದ ಇಪ್ಪತ್ತೆರಡು ದೋಣಿಗಳ ನಾಡಿ ಬಲ್ಲವರಾಗಿ, ಇದೀಗ ನಿವೃತ್ತರಾಗುತ್ತಿರುವ ಹಿರಿಯರನ್ನು ಕಾಗದಪತ್ರಗಳು ಹಿರಿಯ ವಿದ್ಯುತ್ ಮೇಸ್ತ್ರಿ ಎಂದು ಕರೆಯುತ್ತವೆ. ನಾವೆಲ್ಲ ಕರೆಯುವುದು ಟೆಸ್ಟ್‌ಲ್ಯಾಂಪ್ ಅಕ್ಕ ಎಂದು. ಮೀಟರುಗಳು ಎಲ್ಲರ ಕೈಗೂ ಸಿಗದ ಕಾಲದಲ್ಲಿ ಎರಡು ತುಂಡು ವೈರಿನ ತುದಿಗೆ ಕಟ್ಟಿದ ಬಲ್ಬೊಂದನ್ನು ಜೇಬಿನಲ್ಲಿಟ್ಟುಕೊಂಡೇ ಅವರು ಅರ್ಧ ಕಾರ್ಯಾಗಾರವನ್ನು ನಿಭಾಯಿಸಿದವರು.

ಅಭಿನಂದನ ಗ್ರಂಥದ ಸಮಿತಿಯವರು ನನ್ನಿಂದ ಲೇಖನ ಕೇಳಿದಾಗ ನಾನು ಮೊದಲು ಹೋದದ್ದು ಅಕ್ಕನ ಬಳಿಗೆ. ನನಗೆ ಗೊತ್ತಿರುವ ದೊಡ್ಡ ಸಂಗತಿ ಅವರ ತಪ್ಪೊಂದಕ್ಕೆ ಸಂಬಂಧಿಸಿದ್ದು; ಸನ್ಮಾನದ ಪುಸ್ತಕದಲ್ಲಿ ಅದನ್ನು ಹೇಳಬಹುದೇ ಎಂದು ಅಳುಕಿದ್ದೆ. ಅವರು ಒಗೆದ ಬಟ್ಟೆ ಮಡಚುತ್ತಲೇ ಹೇಳಿದರು: "ಬರೆಯೋದಾದ್ರೆ ಅದನ್ನೂ ಬರಿ ತಮ್ಮಾ. ಅದನ್ನ ಬಿಟ್ಟು ನನ್ನ ಹೊಗಳಿದ್ರೆ ಓದೋಕೆ ನನಗೇ ಮುಜುಗರ ಆಗುತ್ತೆ." ಹೀಗೆ ಅಪ್ಪಣೆ ಪಡೆದು ಬರೆಯುತ್ತಿದ್ದೇನೆ.

ಅಕ್ಕ ಕೆಲಸಕ್ಕೆ ಸೇರಿದಾಗ ವಿದ್ಯುತ್ ವಿಭಾಗದಲ್ಲಿ ಹೆಂಗಸರೇ ಇರಲಿಲ್ಲ. ಉಗ್ರಾಣದವರು ತಮಾಷೆಗೋ ಕುಹಕಕ್ಕೋ ಎರಡು ಅಳತೆ ದೊಡ್ಡದಾದ ಕೈಗವಸು ಕೊಟ್ಟು ಕಳಿಸಿದರಂತೆ. ಅಕ್ಕ ಅದನ್ನು ಮನೆಗೆ ಒಯ್ದರು. ದೋಣಿಗಳ ಕ್ಯಾನ್ವಾಸ್ ಹೊದಿಕೆ ಹೊಲಿಯುವ ದರ್ಜಿಯಾದ ಅವರ ಯಜಮಾನರು ಅದನ್ನು ಬಿಚ್ಚಿ ಅವರ ಬೆರಳಿಗೆ ಸರಿಯಾಗಿ ಹೊಲಿದುಕೊಟ್ಟರು. ಮರುವಾರ ಉಗ್ರಾಣದವರೇ ತಮ್ಮ ಗವಸನ್ನೂ ಹಾಗೇ ಹೊಲಿಸಿಕೊಳ್ಳಲು ಇವರ ಮನೆ ಬಾಗಿಲಿಗೆ ಬಂದರು. ಅಲ್ಲಿಂದ ಮುಂದೆ ಅವರ ಬಗ್ಗೆ ಯಾರೂ ಹಗುರವಾಗಿ ಮಾತಾಡಲಿಲ್ಲವಂತೆ.

ನಾನು ಅವರನ್ನು ಕಂಡದ್ದು ಅವರ ಸೇವೆಯ ಹತ್ತನೆಯ ವರ್ಷದಲ್ಲಿ. ಐದು ದ್ವೀಪಗಳಿಗೆ ಸರದಿಯಂತೆ ಹೋಗಿಬರುವ ಆಸ್ಪತ್ರೆ ದೋಣಿಗೆ ನಾನು ಎಂಜಿನ್ ಡ್ರೈವರ್ ಆಗಿ ಬಂದಿದ್ದೆ. ದೋಣಿಯ ಹಿಂಭಾಗದಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಉಸಿರಾಡಲು ಜಾಗವಿಲ್ಲದ ಕೋಣೆಯಲ್ಲಿ, ಡೀಸೆಲ್ ಜನರೇಟರ್ ಒಂದಿತ್ತು. ಲಸಿಕೆಯ ಫ್ರಿಜ್ಜು, ಡಾಕ್ಟರಮ್ಮನ ಮೇಜಿನ ದೀಪ, ಸಲಕರಣೆ ಕುದಿಸುವ ಪೆಟ್ಟಿಗೆ, ನೀರಿನ ಪಂಪು ಎಲ್ಲಕ್ಕೂ ಅದೇ ಅನ್ನದಾತ. ಎಂಜಿನ್ನು ನನಗೆ ಬರುತ್ತಿತ್ತು, ಕರೆಂಟು ಬರುತ್ತಿರಲಿಲ್ಲ. ಅಕ್ಕ ಮಧ್ಯಾಹ್ನದ ಬುತ್ತಿ ಬಿಚ್ಚುವ ಮುನ್ನ ದಿನವೂ ಕಾಲು ಗಂಟೆ ನನ್ನನ್ನು ಆ ಕೋಣೆಯಲ್ಲಿ ನಿಲ್ಲಿಸಿ ಮೀಟರು ಓದುವುದನ್ನು ಕಲಿಸಿದರು. ಒಂದು ಮುಳ್ಳು ವೋಲ್ಟೇಜ್ ಹೇಳುತ್ತದೆ, ಇನ್ನೊಂದು ಹರ್ಟ್ಸ್ ಹೇಳುತ್ತದೆ. ಎಂಜಿನ್ನಿನ ವೇಗ ತಗ್ಗಿದರೆ ಹರ್ಟ್ಸಿನ ಮುಳ್ಳು ಐವತ್ತರಿಂದ ಕೆಳಗಿಳಿಯುತ್ತದೆ ಎಂಬ ಪಾಠ ಆಗಲೇ ಆದದ್ದು. ಅದು ಮುಂದೆ ನನ್ನ ಮಾನವನ್ನೇ ಉಳಿಸುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಆ ವರ್ಷ ದೋಣಿಯನ್ನು ದಡಕ್ಕೆಳೆದು ವಾರ್ಷಿಕ ದುರಸ್ತಿ ಮುಗಿಸಿ ಮೂರು ವಾರವಾಗಿತ್ತು; ಅಲ್ಲಿಯವರೆಗೆ ಹತ್ತಿರದ ಸಣ್ಣ ಓಡಾಟಗಳಷ್ಟೇ ಆಗಿದ್ದವು. ಎರಡು ದ್ವೀಪಗಳ ಮಕ್ಕಳಿಗೆ ಲಸಿಕೆ ಹಾಕಲು ಬೆಳಿಗ್ಗೆ ಹೊರಟೆವು. ಹೊರಟಾಗ ವೋಲ್ಟೇಜ್ ಇನ್ನೂರ ಮೂವತ್ತು, ಎಲ್ಲ ಸರಿ. ಹೊರಟು ಎರಡು ಗಂಟೆಯಾದ ಮೇಲೆ ದೀಪಗಳು ಮಂಕಾದವು. ಮುಳ್ಳು ನೂರ ಅರವತ್ತಕ್ಕೆ ಬಂದು ನಿಂತಿತು. ಫ್ರಿಜ್ಜು ಗೊರಗೊರ ಅನ್ನುತ್ತದೆ, ತಿರುಗುವುದಿಲ್ಲ. ನಾನು ಪಂಪು ನಿಲ್ಲಿಸಿದೆ, ಪೆಟ್ಟಿಗೆ ಆರಿಸಿದೆ, ಗೊತ್ತಿದ್ದ ಎಲ್ಲ ದೇವರಿಗೂ ಕೈ ಮುಗಿದೆ. ದ್ವೀಪ ಮುಟ್ಟುವ ಹೊತ್ತಿಗೆ ಡಾಕ್ಟರಮ್ಮ ಫ್ರಿಜ್ಜಿನ ಥರ್ಮಾಮೀಟರು ನೋಡಿ ಅಷ್ಟೂ ಲಸಿಕೆಯನ್ನು ಬದಿಗಿಟ್ಟುಬಿಟ್ಟರು. ಜೆಟ್ಟಿಯಲ್ಲಿ ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು ಸಾಲಾಗಿ ನಿಂತಿದ್ದ ತಾಯಂದಿರಿಗೆ ಇವತ್ತಿಲ್ಲ, ಮನೆಗೆ ಹೋಗಿ ಎಂದು ಹೇಳುವ ಕೆಲಸ ಅವರ ಪಾಲಿಗೆ ಬಂತು.

ಮರುದಿನ ತಪಾಸಣೆಯ ಅಧಿಕಾರಿ ಬಂದರು. ಜನರೇಟರನ್ನು ಹತ್ತು ನಿಮಿಷ ಓಡಿಸಿದರು. ಇನ್ನೂರ ಮೂವತ್ತು ತೋರಿಸಿತು. ಯಂತ್ರ ಸರಿಯಿದೆಯೆಂದ ಮೇಲೆ ಉಳಿದವನು ನಾನು. ಎಂಜಿನ್ನಿನ ವೇಗ ತಗ್ಗಿಸಿದರೆ ವೋಲ್ಟೇಜೂ ಬೀಳುತ್ತದೆ, ಡೀಸೆಲೂ ಉಳಿಯುತ್ತದೆ. ಉಳಿದ ಡೀಸೆಲ್ ಎಲ್ಲಿ ಹೋಯಿತು ಎಂದು ಅವರು ಎಲ್ಲರೆದುರು ಕೇಳಿದರು. ಕಳ್ಳ ಎಂಬ ಪದವನ್ನು ಅವರು ಬಳಸಲಿಲ್ಲ, ಬಳಸುವ ಅಗತ್ಯವೂ ಇರಲಿಲ್ಲ. ಸಂಜೆಯೊಳಗೆ ನನ್ನ ಅಮಾನತಿನ ಕಾಗದ ಟೈಪಾಗುತ್ತದೆಂದು ಗುಮಾಸ್ತರು ಕಿವಿಯಲ್ಲಿ ಹೇಳಿದರು. ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ.

ಆಗ ಅಕ್ಕ ಮುಂದೆ ಬಂದು, ಯಂತ್ರವನ್ನು ನಿನ್ನೆ ಕೆಟ್ಟಾಗ ಹೇಗಿತ್ತೋ ಹಾಗೆಯೇ ನೋಡಬೇಕು, ಬಿಸಿಯಾಗುವವರೆಗೆ ಪೂರ್ತಿ ಹೊರೆ ಹಾಕಿ ಓಡಿಸಬೇಕು ಎಂದರು. ಅಧಿಕಾರಿ ಗೊಣಗುತ್ತ ಒಪ್ಪಿ ಊಟಕ್ಕೆ ಹೋದರು. ಆ ಕಾದ ಕೋಣೆಯಲ್ಲಿ ಅಕ್ಕನೂ ನಾನೂ ಒಂದೇ ಪೆಟ್ಟಿಗೆಯ ಮೇಲೆ ಕೂತು ಮುಳ್ಳುಗಳನ್ನು ನೋಡುತ್ತಿದ್ದೆವು. ಒಂದು ಗಂಟೆ ನಲವತ್ತು ನಿಮಿಷಕ್ಕೆ ವೋಲ್ಟೇಜ್ ಇಳಿಯತೊಡಗಿತು. ಇನ್ನೂರ ಹತ್ತು, ನೂರ ತೊಂಬತ್ತು, ನೂರ ಅರವತ್ತು. ಹರ್ಟ್ಸಿನ ಮುಳ್ಳು ಮಾತ್ರ ಐವತ್ತರ ಮೇಲೇ ನಿಂತಿತ್ತು.

"ವೇಗ ಸರಿ ಇದೆ," ಎಂದರು ಅಕ್ಕ. "ಇನ್ನು ನಿನ್ನನ್ನ ಯಾರೂ ಏನೂ ಅನ್ನೋ ಹಾಗಿಲ್ಲ."

ಅವರು ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ಆದರೆ ಕೇಡಿನ ಬೇರು ಸಿಗುವವರೆಗೆ ಬಿಡುವ ಜಾಯಮಾನ ಅವರದಲ್ಲ. ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರಿನ ತುದಿಗಳಿಗೆ ಮೀಟರು ಹಿಡಿದರು. ಅದು ತನ್ನ ಶಕ್ತಿಮೀರಿ ಕರೆಂಟು ದೂಡುತ್ತಲೇ ಇತ್ತು. ಹಾಗಿದ್ದರೆ ಆ ಕರೆಂಟು ಜನರೇಟರಿನೊಳಗೆ ತಿರುಗುವ ಸುರುಳಿಗೆ ಪೂರ್ತಿ ತಲುಪದೆ ನಡುದಾರಿಯಲ್ಲಿ ಎಲ್ಲೋ ನಿಲ್ಲುತ್ತಿದೆ. ನಡುದಾರಿಯೆಂದರೆ ಬ್ರಷ್ಷುಗಳು, ತಿರುಗುವ ಉಂಗುರವನ್ನು ಸದಾ ಒತ್ತಿಕೊಂಡಿರಬೇಕಾದ ಇಂಗಾಲದ ಎರಡು ಪುಟ್ಟ ತುಂಡುಗಳು. ಯಂತ್ರ ನಿಲ್ಲಿಸಿ ಮುಚ್ಚಳ ಬಿಚ್ಚಿದರು. ಒಂದು ಬ್ರಷ್ಷು ತನ್ನ ಗೂಡಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡು ಉಂಗುರಕ್ಕೆ ಅರೆಬರೆ ತಾಗುತ್ತ ನಿಂತಿತ್ತು. ಉಂಗುರ ಕಿಡಿ ಹಾರಿ ಕಪ್ಪಾಗಿತ್ತು.

ಅಕ್ಕ ಆ ತುಂಡನ್ನು ಇಕ್ಕಳದಿಂದ ಎಳೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದ ಮೇಲೆ ಅಂಥ ಬಣ್ಣವನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ.

"ಇದು ನಾನೇ ಹಾಕಿದ್ದು," ಎಂದರು. ದುರಸ್ತಿಯ ವೇಳೆ ಸರಿಯಾದ ಅಳತೆಯ ಬ್ರಷ್ಷು ಉಗ್ರಾಣದಲ್ಲಿ ಇರಲಿಲ್ಲ. ದೋಣಿ ಬೇಗ ನೀರಿಗಿಳಿಯಬೇಕೆಂಬ ಒತ್ತಾಯವಿತ್ತು. ಕೊಂಚ ದಪ್ಪನೆಯದನ್ನು ಅರದಿಂದ ಉಜ್ಜಿ ಕೂರಿಸಿದ್ದರು. ತಣ್ಣಗಿದ್ದಾಗ ಸಲೀಸಾಗಿ ಜಾರುತ್ತಿತ್ತು. ಬಿಸಿಯಾದಾಗ ಕೂದಲೆಳೆಯಷ್ಟು ಹಿಗ್ಗಿ ಸಿಕ್ಕಿಕೊಳ್ಳುತ್ತಿತ್ತು. ಬದಲಿ ಹಾಕಿದ ಸಂಗತಿಯನ್ನು ಅವರು ಪುಸ್ತಕದಲ್ಲಿ ಬರೆದಿರಲಿಲ್ಲ.

ಇಲ್ಲಿ ನನ್ನ ಸಣ್ಣತನವನ್ನೂ ಹೇಳಿಬಿಡುತ್ತೇನೆ. ಮುಂದಿನ ತಿಂಗಳು ಅಕ್ಕನಿಗೆ ಫೋರ್‌ಮನ್ ಹುದ್ದೆ ಬರುವುದಿತ್ತು. ಇಡೀ ಕಾರ್ಯಾಗಾರಕ್ಕೆ ಅದು ಗೊತ್ತಿತ್ತು. ನಾನು ಬಾಗಿಲು ಎಳೆದು, ಸದ್ದಿಲ್ಲದೆ ಹೊಸದು ಹಾಕಿಬಿಡಿ, ವೈರು ಸಡಿಲವಾಗಿತ್ತೆಂದು ಇಬ್ಬರೂ ಹೇಳೋಣ, ಹಾವೂ ಸಾಯಲಿ ಕೋಲೂ ಮುರಿಯದಿರಲಿ ಎಂದೆ.

ಅಕ್ಕ ನನ್ನನ್ನು ಬೈಯಲಿಲ್ಲ. "ವೈರು ಸಡಿಲ ಅಂದ್ರೆ, ದಿನಾ ಅದೇ ಕೋಣೇಲಿ ಇರೋನು ನೀನು, ಯಾಕೆ ನೋಡ್ಕೊಳ್ಳಲಿಲ್ಲ ಅಂತ ಮತ್ತೆ ನಿನ್ನನ್ನೇ ಹಿಡೀತಾರೆ. ನನ್ನ ತಪ್ಪು ಒಂದು ಚೂರೂ ನಿನ್ನ ತಲೆ ಮೇಲೆ ಉಳೀಬಾರದು," ಎಂದರು. ಆಮೇಲೆ, "ಮನೇಲಿ ಇವರು ಬೇಜಾರು ಮಾಡ್ಕೋತಾರೆ, ಅಷ್ಟೇ," ಎಂದು ಸೇರಿಸಿದರು.

ಅಲ್ಲೇ, ಜನರೇಟರಿನ ಮುಚ್ಚಳವನ್ನೇ ಮೇಜು ಮಾಡಿಕೊಂಡು ವರದಿ ಬರೆದರು. ಎಂಜಿನ್ನಿನ ವೇಗ ಸರಿಯಿದೆ. ಡ್ರೈವರನ ಕಡೆಯಿಂದ ಯಾವ ಲೋಪವೂ ಇಲ್ಲ. ತಪ್ಪು ಅಳತೆಯ ಬ್ರಷ್ಷನ್ನು ಹಾಕಿದವಳು ನಾನು. ಅದನ್ನು ದಾಖಲಿಸದವಳೂ ನಾನು. ನಾಲ್ಕೇ ಸಾಲು. ಕೆಳಗೆ ಸಹಿ. ಊಟ ಮುಗಿಸಿ ಬಂದ ಅಧಿಕಾರಿ ಅದನ್ನು ಎರಡು ಸಲ ಓದಿ, ಇದನ್ನು ಹೀಗೇ ಮೇಲಕ್ಕೆ ಕಳಿಸಬೇಕೇ ಎಂದು ಕೇಳಿದರಂತೆ. ಹೀಗೇ ಎಂದರಂತೆ ಅಕ್ಕ.

ನನ್ನ ಅಮಾನತಿನ ಕಾಗದ ಹರಿದುಹೋಯಿತು. ಫೋರ್‌ಮನ್ ಹುದ್ದೆ ಅಕ್ಕನ ಕೈಕೆಳಗೆ ಕೆಲಸ ಕಲಿತವರೊಬ್ಬರಿಗೆ ಹೋಯಿತು. ಅವರ ಅಡಿಯಲ್ಲಿ ಅಕ್ಕ ಆರು ವರ್ಷ ಮುಖ ಗಂಟಿಕ್ಕದೆ ದುಡಿದರು. ಆ ಫೋರ್‌ಮನ್ನರಾದರೂ ದೊಡ್ಡ ಮನಸ್ಸಿನವರು. ಕೊನೆಯವರೆಗೂ ಅಕ್ಕ ಬಂದರೆ ಕುರ್ಚಿಯಿಂದ ಏಳುತ್ತಿದ್ದರು.

ಮುಂದಿನ ವಾರ ಹೊಸ ಲಸಿಕೆಯೊಂದಿಗೆ ದೋಣಿ ಹೊರಟಾಗ ಅಕ್ಕ ರಜೆ ಹಾಕಿ ಹತ್ತಿದರು. ಜೆಟ್ಟಿಯಲ್ಲಿ ನಿಂತ ಹೆಂಗಸರಿಗೆ, ಹೋದ ಸಲ ನಿಮ್ಮನ್ನು ಬರಿಗೈಯಲ್ಲಿ ಕಳಿಸಿದ್ದು ಡಾಕ್ಟರಮ್ಮನ ತಪ್ಪಲ್ಲ, ನನ್ನದು ಎಂದು ಹೇಳಿದರು. ಒಬ್ಬ ತಾಯಿ ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು. ಪಕ್ಕದ ದ್ವೀಪದಿಂದ ಕೂಸನ್ನು ಎತ್ತಿಕೊಂಡು ಬಂದು ಹಿಂದಿರುಗಿದವಳು ಆಕೆ. ಅಕ್ಕ ತಲೆ ತಗ್ಗಿಸಿ ಕೇಳಿದರು. ಕೊನೆಗೆ ಮುದುಕಿಯೊಬ್ಬಳು, "ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ ಮಗಳೇ? ಬಂದಿದ್ದೀಯಲ್ಲ, ನಮ್ಮ ಮನೆ ಪಂಪೂ ಒಂದು ಸ್ವಲ್ಪ ನೋಡು," ಎಂದಳು. ಅಂದು ನಾವು ದಡಕ್ಕೆ ಮರಳುವಾಗ ಸಂಜೆಯಾಗಿತ್ತು; ಅಕ್ಕ ಮೂರು ಪಂಪು ಸರಿ ಮಾಡಿದ್ದರು.

ಅನಂತರದ ವರ್ಷಗಳನ್ನು ವಿವರಿಸಹೊರಟರೆ ಗ್ರಂಥದ ಪುಟಗಳು ಸಾಲವು. ಬದಲಿ ಭಾಗಗಳನ್ನು ಬರೆದಿಡಲು ಕಾರ್ಯಾಗಾರದಲ್ಲಿ ಪ್ರತ್ಯೇಕ ಪುಸ್ತಕ ಬಂದದ್ದು ಅವರ ಹಟದಿಂದ. ನಾನು ದೋಣಿ ಬಿಟ್ಟು ತರಬೇತಿ ಕೇಂದ್ರದ ಮೇಷ್ಟ್ರಾದದ್ದು ಅವರ ಒತ್ತಾಯದಿಂದ. ಪ್ರತಿ ತಂಡಕ್ಕೂ ಒಂದು ದಿನ ಬಂದು ಪಾಠ ಹೇಳುತ್ತಿದ್ದ ಅಕ್ಕ ಕಡಿಮೆ ವೋಲ್ಟೇಜಿನ ಅಧ್ಯಾಯವನ್ನು ತಮ್ಮ ತಪ್ಪಿನ ಕತೆಯಿಂದಲೇ ಆರಂಭಿಸುತ್ತಿದ್ದರು. ಮೊದಲು ನಗುತ್ತಿದ್ದ ಶಿಷ್ಯರು ಕತೆ ಮುಗಿಯುವ ಹೊತ್ತಿಗೆ ತಮ್ಮ ತಮ್ಮ ತಪ್ಪುಗಳನ್ನು ಹೇಳಿಕೊಳ್ಳಲು ಕೈ ಎತ್ತುತ್ತಿದ್ದರು.

ಈಗ ಅವರ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಪಕ್ಕಕ್ಕೆ ದುರಸ್ತಿಯ ಮೇಜೊಂದು ಬಂದಿದೆ. ಮೀನಿನ ದೋಣಿಗಳವರು ಈಗಾಗಲೇ ಸ್ಟಾರ್ಟರು, ಡೈನಮೊಗಳನ್ನು ಹೊತ್ತು ತರತೊಡಗಿದ್ದಾರೆ. ಹೆಂಡತಿ ಇನ್ನಾದರೂ ಮನೆಯಲ್ಲಿರುತ್ತಾಳೆ ಎಂದುಕೊಂಡಿದ್ದರೆ ಕಾರ್ಯಾಗಾರವೇ ಮನೆಗೆ ಬಂತೆಂದು ಯಜಮಾನರು ದೂರುತ್ತಲೇ ಆ ಮೇಜಿಗೂ ಒಂದು ಕ್ಯಾನ್ವಾಸ್ ಹೊದಿಕೆ ಹೊಲಿದಿದ್ದಾರೆ. ಆ ದಂಪತಿಗಳಿಗೆ ಆಯುರಾರೋಗ್ಯ ತುಂಬಿರಲಿ, ಅಕ್ಕನ ಕೈ ಇನ್ನೂ ಬಹುಕಾಲ ಕೆಟ್ಟದ್ದನ್ನು ಸರಿಮಾಡುತ್ತಿರಲಿ ಎಂದು ಹಾರೈಸುತ್ತೇನೆ.

ಎರಡು ವರ್ಷದಲ್ಲಿ ನಾನೂ ನಿವೃತ್ತನಾಗುತ್ತೇನೆ. ಹೋದ ತಿಂಗಳು ಕಚೇರಿಯಲ್ಲಿ ನನ್ನ ಸೇವಾ ಪುಸ್ತಕವನ್ನು ತೆರೆದು ತೋರಿಸಿದರು. ಆರೋಪ ಮತ್ತು ಶಿಕ್ಷೆ ಎಂಬ ಪುಟ ಖಾಲಿ ಇತ್ತು. ಗುಮಾಸ್ತೆ ಅದನ್ನು ಸರಕ್ಕನೆ ಮಗುಚಿ ಮುಂದೆ ಹೋಗುತ್ತಿದ್ದಳು. ಸ್ವಲ್ಪ ನಿಲ್ಲಮ್ಮ ಎಂದು ಹೇಳಿ, ಆ ಖಾಲಿ ಪುಟವನ್ನು ನಾನು ನಿಧಾನವಾಗಿ ಓದಿದೆ.