ಇಪ್ಪತ್ತಾರು ಡಿಗ್ರಿ

ಕಟ್ಟಡದವರು ಆಕೆಯನ್ನು ಮೊದಲು ಕಂಡದ್ದು ಮೆಟ್ಟಿಲ ಮೇಲೆ. ಎರಡು ಕೈಯಲ್ಲಿ ಎರಡು ತುಂಬಿದ ಬಕೆಟ್ಟು, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ. ನಲ್ಲಿ ಇದ್ದದ್ದು ಅಂಗಳದಲ್ಲಿ, ಮನೆ ಇದ್ದದ್ದು ಮೂರನೆಯ ಮಹಡಿಯಲ್ಲಿ.

"ಮದುವೆ ಮನೆಯೇನಮ್ಮಾ, ಇಷ್ಟು ನೀರು?" ಎಂದು ಕೆಳಮನೆಯ ಅಜ್ಜಿ ಕೇಳಿದರೆ, "ಇಲ್ಲ ಅಜ್ಜಿ, ಮೀನಿನ ಮನೆ" ಎಂದು ನಕ್ಕು ಹತ್ತಿದಳು. ಅಂದಿನಿಂದ ಆ ಕಟ್ಟಡದವರಿಗೆಲ್ಲ ಆಕೆ ಬಕೆಟ್ಟಮ್ಮ.

ಮೀನುಗಳು ಗಂಡನವು. ಆತ ಅಂಚೆ ಕಚೇರಿಯ ಗುಮಾಸ್ತ. ಗಾಜಿನ ತೊಟ್ಟಿ ತಂದ ದಿನ ಕಲ್ಲುಹರಳನ್ನು ಏಳು ನೀರಿನಲ್ಲಿ ಆಕೆಯಿಂದಲೇ ತೊಳೆಸಿದ. ನೀರು ತುಂಬಿಸಿ, ಗಿಡ ನೆಟ್ಟು, ಮೂರು ವಾರ ಒಂದು ಮೀನನ್ನೂ ಬಿಡಲಿಲ್ಲ.

"ಹೊಸ ನೀರು ಕಣೇ. ಹದಕ್ಕೆ ಬರೋಕೆ ಟೈಮ್ ಕೊಡಬೇಕು."

ಮದುವೆಯಾಗಿ ಬಂದ ಮರುದಿನವೇ ಹನ್ನೆರಡು ಜನರ ಅಡುಗೆಗೆ ನಿಂತವಳು ಖಾಲಿ ಬಕೆಟ್ಟುಗಳನ್ನು ಒಳಗಿಟ್ಟಳು.

ಶನಿವಾರ ಆಕೆ ಹೊತ್ತು ತಂದ ನೀರು, ಮೀನನ್ನು ಕೊಲ್ಲುವ ಕ್ಲೋರಿನ್ ಆರಲೆಂದು, ಒಂದು ದಿನ ಬಾಲ್ಕನಿಯಲ್ಲಿ ನಿಲ್ಲಬೇಕು. ಭಾನುವಾರ ಆತ ತೊಟ್ಟಿಯ ಅರ್ಧ ನೀರನ್ನು ಕೊಳವೆಯಿಂದ ಎಳೆದು, ಹೊಸದನ್ನು ಮೆಲ್ಲಗೆ ಸುರಿಯುವನು. ಮೀನಿಗೆ ತಿಂಡಿ ಹಾಕಲು ಆಕೆಯನ್ನು ಬಿಡುತ್ತಿರಲಿಲ್ಲ. "ನಿನ್ನ ಕೈ ದೊಡ್ಡದು, ಜಾಸ್ತಿ ಹಾಕಿ ಕೊಲ್ತೀಯ." ಆದರೂ ಆಕೆ ಸೊಪ್ಪು ಬಿಡಿಸಲು ಕೂತರೆ ಒಂದು ಕಪ್ಪು ಮೀನು ಗಾಜಿಗೆ ಮೂತಿಯೊತ್ತಿ ನಿಲ್ಲುತ್ತಿತ್ತು. ಆ ಮನೆಯಲ್ಲಿ ಆಕೆಯ ಮುಖ ನೋಡುತ್ತಿದ್ದದ್ದು ಅದೊಂದೇ.

ಒಂದು ಶನಿವಾರ ಆಕೆಗೆ ಮೈ ಸುಡುವ ಜ್ವರ. ಗಂಡ ಬಗ್ಗಿ ತೊಟ್ಟಿಯ ಥರ್ಮಾಮೀಟರ್ ನೋಡುತ್ತಿದ್ದ.

"ರೀ, ಸ್ವಲ್ಪ ಹಣೆ ಮುಟ್ಟಿ ನೋಡಿ."

"ಇಪ್ಪತ್ತಾರು ಡಿಗ್ರಿ. ಸರಿಯಾಗಿದೆ."

"ನನ್ನ ಹಣೇನ್ರೀ."

"ಕೈ ಒದ್ದೆ ಕಣೇ. ನೀರು ತಂದಿಟ್ಟು ಮಲಕ್ಕೋ."

ಆಕೆ ನೀರು ತರದೆಯೇ ಮಲಗಿದಳು. ಮರುದಿನ ಬೆಳಿಗ್ಗೆ ಗೋಡೆ ಹಿಡಿದು ಕೆಳಗಿಳಿದು ನಲ್ಲಿ ತಿರುಗಿಸಿದಳು. ಆ ವಾರ ನೀರಿಗೆ ಮೂಗು ಉರಿಯುವಷ್ಟು ಕ್ಲೋರಿನ್ ಹಾಕಿದ್ದರು. ವಾಸನೆ ನೋಡಿದಳು. ಕಪ್ಪು ಮೀನು ನೆನಪಾಯಿತು. ಆದರೂ ಬಕೆಟ್ಟು ತುಂಬಿಸಿ ತಂದು ಆತನ ಮುಂದಿಟ್ಟಳು.

ನೆಗಡಿಯಿಂದ ಮೂಗು ಕಟ್ಟಿದ್ದ ಗಂಡ ಕೇಳಿದ: "ನೀರು ನಿಂತಿತ್ತಾ?"

"ಓ, ನನ್ನ ಜತೆ ಮೆಟ್ಟಿಲು ಮೆಟ್ಟಿಲಿಗೂ ನಿಂತಿತ್ತು."

ತಮಾಷೆಯೆಂದುಕೊಂಡು ಸುರಿದ. ಮಧ್ಯಾಹ್ನದೊಳಗೆ ಹದಿನಾಲ್ಕು ಮೀನೂ ಹೊಟ್ಟೆ ಮೇಲಾಗಿ ತೇಲಿದವು. ಮೊದಲು ಹೋದದ್ದು ಆ ಕಪ್ಪು ಮೀನು. ಅದನ್ನು ಅಂಗೈಯಲ್ಲಿಟ್ಟುಕೊಂಡು ಆತ ಬಿಕ್ಕಿ ಬಿಕ್ಕಿ ಅತ್ತ. ಆಕೆಯ ತಾಯಿ ತೀರಿಕೊಂಡಾಗ, ರಜೆ ಸಿಗಲಿಲ್ಲ ಎಂದಿದ್ದವನು. ಆಕೆ ಬಾಗಿಲಲ್ಲಿ ನಿಂತು, ಅಳು ಮುಗಿಯುವವರೆಗೂ ನೋಡಿದಳು.

ಆತ ಮತ್ತೆ ತೊಟ್ಟಿ ಮುಟ್ಟಲಿಲ್ಲ. ವರ್ಷಗಳು ಕಳೆದು ಈಗ ಅದು ಆಕೆಯದು, ಮೀನುಗಳೂ ಆಕೆ ತಂದವು. ನೀರನ್ನು ಎರಡು ದಿನ ನಿಲ್ಲಿಸುತ್ತಾಳೆ. ಫಿಲ್ಟರಿನ ಸ್ಪಂಜನ್ನು, ನಲ್ಲಿ ನೀರು ತಾಗದಂತೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತಾಳೆ. ತಿಂಡಿ ಒಂದೇ ಚಿಟಿಕೆ. ಮಂಡಿನೋವಿನಿಂದ ಹಾಸಿಗೆ ಹಿಡಿದಿರುವ ಗಂಡ ಜ್ವರ ಬಂದಾಗಲೆಲ್ಲ ಒಳಗಿನಿಂದ ಕೂಗುತ್ತಾನೆ: "ಲೇ, ಸ್ವಲ್ಪ ಬಾರೇ, ಮೈ ಸುಡ್ತಿದೆ."

"ಬಂದೆ ರೀ, ಕೈ ಒದ್ದೆ" ಎನ್ನುತ್ತಾಳೆ. ಮೊಣಕೈವರೆಗೆ ನೀರಿಗಿಳಿದ ಕೈಯನ್ನು ಮಾತ್ರ ಹೊರಗೆ ತೆಗೆಯುವುದಿಲ್ಲ.